ಭೇಟಿ, ಗಾಳಿ, ನಿದ್ರೆ: ಉಸಿರಾಟದ ಸೋಂಕು ಯಾರಿಗೆ ತಗಲುತ್ತದೆ?

ಮೂಗು ಸೋರತೊಡಗಿದರೆ ಕನ್ನಡದಲ್ಲಿ ನಾವು 'ಶೀತವಾಯಿತು' ಎನ್ನುತ್ತೇವೆ. ಇಂಗ್ಲಿಷಿನವರೂ ಆ ಕಾಯಿಲೆಯನ್ನು ಚಳಿಯ ಹೆಸರಿನಿಂದಲೇ ಕರೆಯುತ್ತಾರೆ. ತಲೆಗೆ ಸ್ನಾನ ಮಾಡಿ ಕೂದಲು ಆರಿಸಿಕೊಳ್ಳದೆ ಹೊರಗೆ ಹೋದದ್ದು, ಮಳೆಯಲ್ಲಿ ನೆನೆದದ್ದು, ಫ್ರಿಜ್ಜಿನ ನೀರು ಕುಡಿದದ್ದು, ಇಂಥ ಕಾರಣಗಳ ಪಟ್ಟಿ ಪ್ರತಿ ಮನೆಯಲ್ಲೂ ಇದೆ. ಪಟ್ಟಿಯಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇನ್ನೊಬ್ಬ ಮನುಷ್ಯ. ಆದರೆ ನೆಗಡಿ, ಫ್ಲೂ, ಕೋವಿಡ್ ಮೊದಲಾದ ಉಸಿರಾಟದ ಸೋಂಕುಗಳು ಸಾಮಾನ್ಯವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಬರುವಂಥವು. ಕೊಡುವವರು ಇಲ್ಲದೆ ಪಡೆಯುವವರಿಲ್ಲ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ನೆರವಿನಿಂದ ಇಂಗ್ಲೆಂಡಿನ ಸಾಲ್ಸ್‌ಬರಿಯ ಬಳಿ ಕಟ್ಟಿದ್ದ ಆಸ್ಪತ್ರೆಯ ಶೆಡ್ಡುಗಳಲ್ಲಿ 1946ರಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಘಟಕ ಆರಂಭವಾಯಿತು. ಕ್ರಿಸ್ಟೋಫರ್ ಆಂಡ್ರೂಸ್ ಅದನ್ನು ಸ್ಥಾಪಿಸಿದರು. ಡೇವಿಡ್ ಟೈರೆಲ್ ಮುಂದೆ ಬಹುಕಾಲ ನಡೆಸಿದರು. ಸ್ವಯಂಸೇವಕರು ಸುಮಾರು ಹತ್ತು ದಿನ ಅಲ್ಲಿ ಉಚಿತವಾಗಿ ಉಳಿಯುತ್ತಿದ್ದರು. ಊಟ, ಕೈಖರ್ಚು, ಸುತ್ತಲೂ ಹಸಿರು ಬಯಲು, ಪ್ರತಿಯಾಗಿ ಮೂಗಿಗೆ ಕೆಲವು ಹನಿ. ಹನಿಯಲ್ಲಿ ವೈರಸ್ ಇರಬಹುದು, ಬರಿಯ ಉಪ್ಪುನೀರೂ ಇರಬಹುದು. ಅಗ್ಗದ ರಜೆಯೆಂದು ಮತ್ತೆ ಮತ್ತೆ ಬಂದವರೂ ಉಂಟು. ಕೆಲವರನ್ನು ಬಿಸಿನೀರಿನ ಸ್ನಾನದ ನಂತರ ಒದ್ದೆ ಮೈಯಲ್ಲೇ ಗಾಳಿ ಬೀಸುವ ನಡುವೆಯಲ್ಲಿ ನಿಲ್ಲಿಸಿ, ಒದ್ದೆ ಕಾಲುಚೀಲ ತೊಡಿಸಿ ನೋಡಿದರು. ಚಳಿಯಲ್ಲಿ ನಡುಗಿದವರಿಗೆ ಬೆಚ್ಚಗಿದ್ದವರಿಗಿಂತ ಹೆಚ್ಚು ನೆಗಡಿಯಾಗಲಿಲ್ಲ. ಬಹಳ ವರ್ಷಗಳ ನಂತರ, 2005ರಲ್ಲಿ, ಕಾರ್ಡಿಫ್‌ನ ಸಂಶೋಧಕರು ಪಾದಗಳನ್ನು ತಣ್ಣೀರಿನಲ್ಲಿಟ್ಟವರಲ್ಲಿ ನೆಗಡಿಯ ಲಕ್ಷಣಗಳು ಸ್ವಲ್ಪ ಹೆಚ್ಚಾಗಿ ಕಂಡವೆಂದು ವರದಿ ಮಾಡಿದರು. ಅಲ್ಲಿಯೂ ಚಳಿಯೇ ವೈರಸ್ಸನ್ನು ಹುಟ್ಟಿಸಿತೆಂದು ಯಾರೂ ಹೇಳಲಿಲ್ಲ. ಮೂಗಿನಲ್ಲಿ ಮೊದಲೇ ಸುಮ್ಮನೆ ಕುಳಿತಿದ್ದುದನ್ನು ಅದು ಕೆದಕಿರಬಹುದು ಎಂಬುದು ಅವರ ಊಹೆ. ಅಜ್ಜಿಯ ಮಾತಿಗೆ ಅಷ್ಟು ಜಾಗ ಬಿಟ್ಟುಕೊಡುವುದು ನ್ಯಾಯ.

ಚಳಿಗಿಂತ ಜನಸಂಪರ್ಕ ಮುಖ್ಯವೆಂಬುದಕ್ಕೆ ಆರ್ಕ್ಟಿಕ್ ವಲಯದಲ್ಲಿ ಇನ್ನೊಂದು ಸಾಕ್ಷಿಯಿದೆ. ನಾರ್ವೆಗೆ ಸೇರಿದ ಸ್ಪಿಟ್ಸ್‌ಬರ್ಗನ್ ದ್ವೀಪದ ಲಾಂಗಿಯರ್ ಊರು ಆಗ ಒಂದು ಕಲ್ಲಿದ್ದಲ ಗಣಿಯ ವಸತಿಯಾಗಿತ್ತು. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿ ತಿಂಗಳುಗಟ್ಟಲೆ ಹಡಗುಗಳು ಬಾರದಿದ್ದ ಕಾಲ. 1930-31ರಲ್ಲಿ ಅಲ್ಲಿ ಉಳಿದು ದಾಖಲೆಯಿಟ್ಟ ವೈದ್ಯ ಸಂಶೋಧಕರು ಕಂಡದ್ದೇನೆಂದರೆ, ಕಠಿಣ ಚಳಿಯನ್ನು ಅನುಭವಿಸುತ್ತಿದ್ದ ಆ ಜನರಲ್ಲಿ ನಡುಚಳಿಗಾಲದ ಹೊತ್ತಿಗೆ ನೆಗಡಿ ಬಹುತೇಕ ನಿಂತುಹೋಗುತ್ತಿತ್ತು. ವಸಂತದಲ್ಲಿ ಮೊದಲ ಹಡಗು ದಡ ಸೇರಿದ ಕೆಲವೇ ದಿನಗಳಲ್ಲಿ ಊರಿಗೆ ಊರೇ ಸೀನತೊಡಗುತ್ತಿತ್ತು.

ಹಾಗಾದರೆ ಜನರಿಂದ ದೂರವಿದ್ದಷ್ಟೂ ಕ್ಷೇಮ ಎನ್ನಬಹುದೇ? ಪರದೇಶದ ಚಳಿಗಾಲದಲ್ಲಿ, ಅದರಲ್ಲೂ ಊರಿನಿಂದ ಬಂದ ವಯಸ್ಸಾದ ತಂದೆತಾಯಿಯರ ವಿಷಯದಲ್ಲಿ, ನಮ್ಮಲ್ಲಿ ಅನೇಕರು ತಲುಪುವ ತೀರ್ಮಾನ ಅದೇ: ಹೊರಗೆ ಹೋಗಬೇಡಿ, ಯಾರನ್ನೂ ಕರೆಯಬೇಡಿ. ಕಳೆದ ಎಂಟು ದಶಕಗಳ ಸಂಶೋಧನೆ ಇಷ್ಟು ಸರಳವಾದ ಉತ್ತರವನ್ನು ಕೊಡುವುದಿಲ್ಲ. ವೈರಸ್ ನಮ್ಮ ಮೂಗಿನವರೆಗೆ ಬರುವುದು ಒಂದು ಘಟನೆ. ಬಂದ ವೈರಸ್ ಕಾಯಿಲೆಯಾಗುವುದು ಇನ್ನೊಂದು. ಮೊದಲನೆಯದರಲ್ಲಿ ಎಷ್ಟು ಜನರನ್ನು ಕಂಡೆವು ಎಂಬುದಕ್ಕಿಂತ ಎಲ್ಲಿ, ಎಷ್ಟು ಹೊತ್ತು, ಎಂಥ ಗಾಳಿಯಲ್ಲಿ ಕಂಡೆವು ಎಂಬುದು ಹೆಚ್ಚು ತೂಗುತ್ತದೆ. ಎರಡನೆಯದರಲ್ಲಿ ಜನರ ಒಡನಾಟ ಬಹುಶಃ ನಮ್ಮ ಪರವಾಗಿಯೇ ಕೆಲಸ ಮಾಡುತ್ತದೆ.

ಭೇಟಿಗಳ ಲೆಕ್ಕ

ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಜನರ ಸಂಪರ್ಕಕ್ಕೆ ಬರುತ್ತಾನೆ? ಸೋಂಕಿನ ಗಣಿತಕ್ಕೆ ಇದು ಮೂಲಭೂತ ಪ್ರಶ್ನೆಯಾದರೂ ಬಹುಕಾಲ ಇದಕ್ಕೆ ಉತ್ತರ ಊಹೆಯೇ ಆಗಿತ್ತು. 2008ರಲ್ಲಿ ಪ್ರಕಟವಾದ ಪಾಲಿಮಾಡ್ ಎಂಬ ಸಮೀಕ್ಷೆ ಯುರೋಪಿನ ಎಂಟು ದೇಶಗಳ 7,290 ಜನರ ಕೈಯಲ್ಲಿ ಒಂದು ದಿನದ ದಿನಚರಿ ಬರೆಸಿತು. ಮೈ ತಾಗಿದ್ದರೆ, ಇಲ್ಲವೇ ಎದುರಾಎದುರು ನಿಂತು ಕನಿಷ್ಠ ಮೂರು ಮಾತು ಆಡಿದ್ದರೆ ಅದು ಒಂದು ಸಂಪರ್ಕ. ಒಟ್ಟು 97,904 ಸಂಪರ್ಕಗಳು ದಾಖಲಾದವು. ಸರಾಸರಿ ಒಬ್ಬರಿಗೆ ದಿನಕ್ಕೆ 13.4. ಜರ್ಮನಿಯಲ್ಲಿ ಅದು ಸುಮಾರು ಎಂಟು, ಇಟಲಿಯಲ್ಲಿ ಸುಮಾರು ಇಪ್ಪತ್ತು. (ಜರ್ಮನಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಅಂಕಿಯಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.) ಅತಿ ಹೆಚ್ಚು ಸಂಪರ್ಕಗಳಿದ್ದದ್ದು ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ. ಎಲ್ಲ ದೇಶಗಳಲ್ಲೂ ಸಮಾನವಾಗಿ ಕಂಡ ಲಕ್ಷಣವೆಂದರೆ, ಜನ ತಮ್ಮ ವಯಸ್ಸಿನವರೊಡನೆಯೇ ಹೆಚ್ಚು ಬೆರೆಯುತ್ತಾರೆ. ಅದರ ಪಕ್ಕದಲ್ಲಿ ಹೆತ್ತವರು ಮತ್ತು ಮಕ್ಕಳ ನಡುವಿನ ಸಂಪರ್ಕದ ಇನ್ನೊಂದು ದಟ್ಟ ಗೆರೆ. ಶಾಲೆಯಲ್ಲಿ ಸೋಂಕು ಅಡ್ಡಲಾಗಿ ಹರಡುತ್ತದೆ, ಮನೆಯಲ್ಲಿ ತಲೆಮಾರು ದಾಟುತ್ತದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಇದೇ ಬಗೆಯ ಲೆಕ್ಕ ತೆಗೆದಾಗಲೂ ಮಕ್ಕಳ ಪಾತ್ರ ಹೀಗೆಯೇ ಎದ್ದು ಕಂಡಿತು.

ಸಂಪರ್ಕ ಹೆಚ್ಚಿದ್ದವರಿಗೆ ಸೋಂಕು ಮೊದಲು ತಲುಪುತ್ತದೆಂಬುದನ್ನು ಚತುರವಾಗಿ ತೋರಿಸಿದ್ದು ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್. ಯಾವುದೇ ಗುಂಪಿನಲ್ಲಿ ಕಣ್ಣುಮುಚ್ಚಿ ಒಬ್ಬರನ್ನು ಆರಿಸಿ, 'ನಿಮ್ಮ ಸ್ನೇಹಿತರ ಹೆಸರು ಹೇಳಿ' ಎಂದರೆ, ಹಾಗೆ ಹೆಸರಿಸಲ್ಪಟ್ಟವರಿಗೆ ಸರಾಸರಿಯಲ್ಲಿ ಮೊದಲಿನವರಿಗಿಂತ ಹೆಚ್ಚು ಸ್ನೇಹಿತರಿರುತ್ತಾರೆ. ಹೆಚ್ಚು ಜನರಿಗೆ ಗೊತ್ತಿರುವವರೇ ತಾನೆ ಹೆಚ್ಚು ಸಲ ಹೆಸರಿಸಲ್ಪಡುವವರು. 2009ರಲ್ಲಿ ಎಚ್1ಎನ್1 ಫ್ಲೂ ಹರಡುತ್ತಿದ್ದಾಗ ಹಾರ್ವರ್ಡ್ ಕಾಲೇಜಿನ 744 ವಿದ್ಯಾರ್ಥಿಗಳನ್ನು ಹೀಗೆ ಎರಡು ಗುಂಪು ಮಾಡಿ ಗಮನಿಸಿದರು. ಸ್ನೇಹಿತರ ಗುಂಪಿಗೆ ಫ್ಲೂ ಸುಮಾರು ಎರಡು ವಾರ ಮೊದಲೇ ಬಂದಿತ್ತು.

ಭೇಟಿಗಳನ್ನೇ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಜಗತ್ತು 2020ರಲ್ಲಿ ಕಂಡಿತು. ಪಾಲಿಮಾಡ್ ಕಾಲದಲ್ಲಿ ಬ್ರಿಟನ್ನಿನವರ ದಿನದ ಸಂಪರ್ಕ ಸರಾಸರಿ 10.8 ಇತ್ತು; ಮೊದಲ ಲಾಕ್‌ಡೌನ್‌ನ ಆರಂಭದ ದಿನಗಳಲ್ಲಿ ಅದು 2.8ಕ್ಕೆ ಇಳಿಯಿತು. ಫ್ಲೂ ಹೆಚ್ಚು ಕಡಿಮೆ ಕಣ್ಮರೆಯಾಯಿತು. ಫ್ಲೂ ವೈರಸ್ಸಿನ ಯಾಮಗಾಟ ಎಂಬ ಕವಲಂತೂ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲಿಯೂ ಪತ್ತೆಯಾಗಿಲ್ಲ. ಲಸಿಕೆಗಳಿಂದಲೂ ಅದನ್ನು ಈಗ ಕೈಬಿಡಲಾಗಿದೆ. ಆದರೆ ನೆಗಡಿಯ ಮುಖ್ಯ ಕಾರಣವಾದ ರೈನೋವೈರಸ್ ಅಷ್ಟು ಸುಲಭವಾಗಿ ಸೋಲಲಿಲ್ಲ. ಶಾಲೆಗಳು ತೆರೆದೊಡನೆ ಮರಳಿತು. ಆಸ್ಟ್ರೇಲಿಯಾದಲ್ಲಿ ಮಕ್ಕಳನ್ನು ಕಾಡುವ ಆರ್‌ಎಸ್‌ವಿ ವೈರಸ್ ತನ್ನ ಮಾಮೂಲು ಚಳಿಗಾಲವನ್ನು ಬಿಟ್ಟು 2020ರ ಕೊನೆಯ ಬೇಸಿಗೆಯಲ್ಲಿ ಉಕ್ಕಿ ಬಂತು. ಒಂದು ಋತುವಿನಲ್ಲಿ ತಪ್ಪಿಸಿಕೊಂಡ ಸೋಂಕು ಇನ್ನೊಂದರಲ್ಲಿ ಬಾಕಿ ವಸೂಲಿಗೆ ಬಂದಂತೆ.

ಗಾಳಿ ಮತ್ತು ಗಡಿಯಾರ

ಎಲ್ಲ ಭೇಟಿಗಳೂ ಒಂದೇ ತೂಕದವಲ್ಲ. ಆಂಧ್ರಪ್ರದೇಶ ಮತ್ತು ತಮಿಳುನಾಡಿನಲ್ಲಿ ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ನಡೆದ ಸಂಪರ್ಕ ಪತ್ತೆಯ ಬೃಹತ್ ದಾಖಲೆ ಇದಕ್ಕೆ ಒಳ್ಳೆಯ ಆಧಾರ. 84,965 ಸೋಂಕಿತರ ಸಂಪರ್ಕಕ್ಕೆ ಬಂದ 5,75,071 ಜನರನ್ನು ಪರೀಕ್ಷಿಸಿದ ಆ ಅಧ್ಯಯನದಲ್ಲಿ, ನೂರಕ್ಕೆ 71 ಸೋಂಕಿತರು ತಮ್ಮ ಪತ್ತೆಯಾದ ಸಂಪರ್ಕಗಳಲ್ಲಿ ಒಬ್ಬರಿಗೂ ಸೋಂಕು ದಾಟಿಸಿರಲಿಲ್ಲ. ಉಳಿದ ಕೆಲವರಿಂದಲೇ ಹೆಚ್ಚಿನ ಹರಡುವಿಕೆ. 2003ರ ಸಾರ್ಸ್ ಕಾಲದಲ್ಲಿ ಸಿಂಗಪುರದಲ್ಲಿಯೂ ಇದೇ ಚಿತ್ರ ಕಂಡಿತ್ತು. ಈ ವ್ಯತ್ಯಾಸಕ್ಕೆ ಆಯಾ ವ್ಯಕ್ತಿಯ ಗುಣ ಸ್ವಲ್ಪ ಕಾರಣ, ಅವರಿದ್ದ ಸನ್ನಿವೇಶ ಬಹಳಷ್ಟು ಕಾರಣ.

ಅಂಥ ಸನ್ನಿವೇಶಗಳಲ್ಲಿ ಶಾಸ್ತ್ರೀಯವಾದದ್ದು ಅಲಾಸ್ಕಾದ ಒಂದು ವಿಮಾನ. 1977ರಲ್ಲಿ 54 ಜನರಿದ್ದ ಆ ವಿಮಾನ ಎಂಜಿನ್ ಕೆಟ್ಟು ಮೂರು ಗಂಟೆ ನೆಲದ ಮೇಲೆಯೇ ನಿಂತಿತು. ಗಾಳಿಯಾಡಿಸುವ ಯಂತ್ರ ನಿಂತಿತ್ತು; ಒಬ್ಬ ಪ್ರಯಾಣಿಕರಿಗೆ ಫ್ಲೂ ಇತ್ತು. ಮೂರು ದಿನಗಳೊಳಗೆ ಪ್ರಯಾಣಿಕರಲ್ಲಿ ನೂರಕ್ಕೆ 72 ಮಂದಿ ಮಲಗಿದರು. ಒಳಗೆ ಹೆಚ್ಚು ಹೊತ್ತು ಕುಳಿತವರಲ್ಲಿ ಕಾಯಿಲೆ ಹೆಚ್ಚು. ಇಳಿದು ಹೋಗಿ ಹೊರಗೆ ಕಾದವರಲ್ಲಿ ಕಡಿಮೆ. ಹಾರುತ್ತಿರುವ ವಿಮಾನದಲ್ಲಿ ಗಾಳಿ ಗಂಟೆಗೆ ಹಲವು ಬಾರಿ ಬದಲಾಗುತ್ತದೆ, ಸೋಸಿ ಬರುತ್ತದೆ. ಹಾಗಾಗಿ ಹದಿನಾರು ಗಂಟೆಯ ಪ್ರಯಾಣದಲ್ಲಿ ನಿಜವಾಗಿ ಎಚ್ಚರಬೇಕಾದ ಹೊತ್ತು ಹತ್ತುವ ಮೊದಲಿನ ಕ್ಯೂ, ಯಂತ್ರ ಆರಿಸಿ ಬಾಗಿಲು ಮುಚ್ಚಿಕೊಂಡು ನಿಂತ ಸಮಯ ಮತ್ತು ಅಕ್ಕಪಕ್ಕದ ಕೆಲವು ಸಾಲುಗಳು.

2020ರ ಜನವರಿಯಲ್ಲಿ ಚೀನಾದ ಗ್ವಾಂಗ್‌ಝೌನ ಉಪಾಹಾರಗೃಹವೊಂದರಲ್ಲಿ, ಕಿಟಕಿಯಿಲ್ಲದ ಮಹಡಿಯೊಂದರಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟಕ್ಕೆ ಕುಳಿತ ಮೂರು ಕುಟುಂಬಗಳ ಹತ್ತು ಜನರಿಗೆ ಕೋವಿಡ್ ಬಂತು. ಏರ್‌ಕಂಡಿಷನರ್ ಒಂದೇ ಗಾಳಿಯನ್ನು ಆ ಮೂರು ಮೇಜುಗಳ ಮೇಲೆ ಸುತ್ತಿಸುತ್ತಿತ್ತು. ಅದೇ ಮಹಡಿಯ ಉಳಿದ ಎಪ್ಪತ್ತಕ್ಕೂ ಹೆಚ್ಚು ಗಿರಾಕಿಗಳಿಗೆ ಏನೂ ಆಗಲಿಲ್ಲ. ಅದೇ ವರ್ಷ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಗಾಯನವೃಂದದ 61 ಜನ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಅವರಲ್ಲಿ 53 ಮಂದಿಗೆ ಕೋವಿಡ್ ಖಚಿತವಾಯಿತು ಅಥವಾ ಬಲವಾಗಿ ಶಂಕಿಸಲ್ಪಟ್ಟಿತು, ಇಬ್ಬರು ತೀರಿಕೊಂಡರು. ಹಾಡುವಾಗ, ಗಟ್ಟಿಯಾಗಿ ಮಾತನಾಡುವಾಗ ಬಾಯಿಂದ ಹೊರಬೀಳುವ ಸೂಕ್ಷ್ಮ ಕಣಗಳು ಸುಮ್ಮನೆ ಉಸಿರಾಡುವಾಗಿನದಕ್ಕಿಂತ ಬಹುಪಾಲು ಹೆಚ್ಚು.

ಮುಟ್ಟುವುದರಿಂದಲೋ ಗಾಳಿಯಿಂದಲೋ ಎಂಬ ವಿವಾದ ನೆಗಡಿಯ ವಿಷಯದಲ್ಲಿ ಹಳೆಯದು. ವರ್ಜೀನಿಯಾದ ಸಂಶೋಧಕರು 1970ರ ದಶಕದಲ್ಲಿ ಕೈಯಿಂದ ಕೈಗೆ, ಕೈಯಿಂದ ಮೂಗು ಕಣ್ಣಿಗೆ ರೈನೋವೈರಸ್ ದಾಟುವುದನ್ನು ತೋರಿಸಿದರು. ವಿಸ್ಕಾನ್ಸಿನ್‌ನ ಎಲಿಯಟ್ ಡಿಕ್ ಬಳಗ ಇದನ್ನು ಇಸ್ಪೀಟಿನಿಂದ ಪರೀಕ್ಷಿಸಿತು. ನೆಗಡಿ ಇದ್ದವರನ್ನೂ ಇಲ್ಲದವರನ್ನೂ ಒಂದೇ ಮೇಜಿಗೆ ಕೂರಿಸಿ ಹನ್ನೆರಡು ಗಂಟೆ ಪೋಕರ್ ಆಡಿಸಿದರು. ಆರೋಗ್ಯವಂತರಲ್ಲಿ ಅರ್ಧದಷ್ಟು ಜನರಿಗೆ ಮುಖ ಮುಟ್ಟಿಕೊಳ್ಳಲು ಆಗದಂತೆ ಕತ್ತಿಗೆ ಪಟ್ಟಿ, ತೋಳಿಗೆ ಕಟ್ಟು. ಆದರೂ ಕಟ್ಟಿಸಿಕೊಂಡವರಿಗೂ ಕಟ್ಟಿಲ್ಲದವರಿಗೂ ಸೋಂಕು ಹೆಚ್ಚು ಕಡಿಮೆ ಸಮನಾಗಿಯೇ ತಗುಲಿತು. ನೆಗಡಿಯವರ ಕೈಯಲ್ಲಿ ಜಿಗುಟಾಗಿದ್ದ ಎಲೆಗಳನ್ನು ಬೇರೊಂದು ಕೋಣೆಗೆ ಒಯ್ದು ಆಡಿಸಿ, ಮುಖ ಮುಟ್ಟಿಕೊಳ್ಳಿ ಎಂದು ಹೇಳಿದರೂ ಅಲ್ಲಿ ಯಾರಿಗೂ ನೆಗಡಿಯಾಗಲಿಲ್ಲ. ಕೈ ತೊಳೆಯುವುದು ವ್ಯರ್ಥವೆಂದು ಇದರ ಅರ್ಥವಲ್ಲ. ಕೈ ತೊಳೆದು, ಕಿಟಕಿ ಮುಚ್ಚಿ, ಇಪ್ಪತ್ತು ಜನ ನಾಲ್ಕು ಗಂಟೆ ಕುಳಿತರೆ ಕೆಲಸ ಅರ್ಧಂಬರ್ಧವಾಯಿತೆಂದು ಅರ್ಥ.

ನಮ್ಮ ಕನ್ನಡ ಕೂಟಗಳ ಕಾರ್ಯಕ್ರಮಗಳನ್ನು ಈ ಕಣ್ಣಿನಿಂದ ನೋಡಬಹುದು. ಉತ್ತರ ಗೋಳಾರ್ಧದಲ್ಲಿ ರಾಜ್ಯೋತ್ಸವ ಬರುವುದು ಹೀಟರ್ ಹಚ್ಚುವ ನವೆಂಬರಿನಲ್ಲಿ, ಸಂಕ್ರಾಂತಿ ಬರುವುದು ಚಳಿ ಕಡಿದಾಗಿರುವ ಜನವರಿಯಲ್ಲಿ. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ, ಮಕ್ಕಳ ನೃತ್ಯ, ಸಮೂಹಗಾನ, ನಂತರ ಬಾಳೆಎಲೆಯಲ್ಲದಿದ್ದರೂ ತಟ್ಟೆಯ ಮುಂದೆ ಗಂಟೆಗಟ್ಟಲೆ ಹರಟೆ: ಹೊತ್ತು, ಧ್ವನಿ, ಒಳಾಂಗಣ, ಮಕ್ಕಳು ಎಲ್ಲವೂ ಒಟ್ಟಿಗೆ. ಕೂಡುವುದನ್ನು ಬಿಡಬೇಕಾಗಿಲ್ಲ. ಸಭಾಂಗಣ ಹಿಡಿಯುವಾಗ ಅಲ್ಲಿ ಹೊರಗಾಳಿ ಒಳಬರುವ ವ್ಯವಸ್ಥೆಯಿದೆಯೇ, ಅದು ವಾರಾಂತ್ಯದಲ್ಲೂ ನಡೆಯುತ್ತದೆಯೇ ಎಂದು ಕೇಳುವುದು ಊಟದ ಮೆನು ಕೇಳಿದಷ್ಟೇ ಸಹಜವಾಗಬೇಕು. ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಈಗ ದುಬಾರಿಯಲ್ಲ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 420ರಷ್ಟು. ಕೋಣೆಯೊಳಗೆ ಅದು ಸಾವಿರವನ್ನು ದಾಟಿ ಏರುತ್ತಲೇ ಇದ್ದರೆ, ಬೇರೆಯವರು ಬಿಟ್ಟ ಉಸಿರನ್ನೇ ನಾವು ಮತ್ತೆ ಎಳೆದುಕೊಳ್ಳುತ್ತಿದ್ದೇವೆಂದು ತಿಳಿಯಬೇಕು.

ಆಯ್ಕೆಯಿಲ್ಲದ ಸಂಪರ್ಕ

ಇದುವರೆಗಿನ ಮಾತೆಲ್ಲ ತಮ್ಮ ಭೇಟಿಗಳನ್ನು ತಾವೇ ಆರಿಸಿಕೊಳ್ಳಬಲ್ಲವರ ಕುರಿತದ್ದು. ಹಾಗಲ್ಲದವರ ಸಂಖ್ಯೆ ದೊಡ್ಡದು. 2020ರಲ್ಲಿ ಸಿಂಗಪುರ ತನ್ನ ಸಾಮಾನ್ಯ ನಿವಾಸಿಗಳಲ್ಲಿ ಕೋವಿಡ್ಡನ್ನು ಬಹಳ ಚೆನ್ನಾಗಿ ತಡೆಯಿತು. ಅದೇ ವರ್ಷದ ಕೊನೆಗೆ ಅಲ್ಲಿನ ಸರ್ಕಾರವೇ ಕೊಟ್ಟ ಲೆಕ್ಕದಂತೆ, ಡಾರ್ಮಿಟರಿಗಳಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ವಲಸೆ ಕಾರ್ಮಿಕರಲ್ಲಿ ನೂರಕ್ಕೆ 47 ಮಂದಿಗೆ ಸೋಂಕು ತಗುಲಿಹೋಗಿತ್ತು. ಅವರಲ್ಲಿ ಬಹುಪಾಲು ಬಾಂಗ್ಲಾದೇಶ ಮತ್ತು ಭಾರತದವರು. ಒಂದೇ ಊರು, ಒಂದೇ ವೈರಸ್. ಭೇದವಿದ್ದದ್ದು ಕೋಣೆಯಲ್ಲಿ ಎಷ್ಟು ಮಂಚ ಎಂಬುದರಲ್ಲಿ. ಕೊಲ್ಲಿ ರಾಷ್ಟ್ರಗಳ ಲೇಬರ್ ಕ್ಯಾಂಪುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಎರಡನೆಯ ಅಲೆಯ ಹೊತ್ತಿಗೆ ದಕ್ಷಿಣ ಏಷ್ಯಾ ಮೂಲದವರಲ್ಲಿ ಕೋವಿಡ್ ಹೆಚ್ಚಾಗಿ ಕಂಡಾಗ, ಅದಕ್ಕೆ ಪದ್ಧತಿ, ಸಂಸ್ಕೃತಿ ಎಂದು ಸುಲಭದ ವಿವರಣೆಗಳು ಬಂದವು. ದೊಡ್ಡ ಪ್ರಮಾಣದ ವೈದ್ಯಕೀಯ ದಾಖಲೆಗಳನ್ನು ಜಾಲಾಡಿದ ಸಂಶೋಧಕರಿಗೆ ಮುಖ್ಯವಾಗಿ ಕಂಡ ಅಂಶಗಳಲ್ಲಿ ಒಂದು, ಒಂದು ಸೂರಿನಡಿ ಎಷ್ಟು ಜನ ವಾಸಿಸುತ್ತಾರೆ ಎಂಬುದು. ಬಸ್ ಓಡಿಸುವವರು, ಆಸ್ಪತ್ರೆಯಲ್ಲಿ ದುಡಿಯುವವರು ಸಂಜೆ ಮರಳುವುದು ಅಜ್ಜ-ಅಜ್ಜಿ ಇರುವ ಮನೆಗೇ.

ಮಕ್ಕಳ ವಿಷಯಕ್ಕೆ ಬಂದರೆ, ಶಾಲಾಪೂರ್ವ ವಯಸ್ಸಿನ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಸಹಜ. ವಯಸ್ಕರಿಗೆ ಎರಡು ಮೂರು. ಡೇಕೇರಿಗೆ ಹಾಕಿದ ಮೊದಲ ಚಳಿಗಾಲದಲ್ಲಿ ಮಗು ವಾರವಿಡೀ ಮನೆಯಲ್ಲೇ ಇರುವಂತಾಗಿ, ಹೆತ್ತವರ ರಜೆಯೆಲ್ಲ ಅದರಲ್ಲೇ ತೀರಿಹೋಗುವುದು ವಿದೇಶದಲ್ಲಿ ಒಂಟಿ ಸಂಸಾರ ಮಾಡಿದವರಿಗೆಲ್ಲ ಗೊತ್ತು. ಅಮೆರಿಕದ ಟ್ಯೂಸಾನ್ ನಗರದಲ್ಲಿ ಮಕ್ಕಳನ್ನು ಹುಟ್ಟಿನಿಂದ ಹದಿಮೂರು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವೊಂದು ಸ್ವಲ್ಪ ಸಮಾಧಾನ ಹೇಳುತ್ತದೆ. ದೊಡ್ಡ ಡೇಕೇರುಗಳಿಗೆ ಹೋದ ಮಕ್ಕಳಿಗೆ ಎರಡನೆಯ ವರ್ಷದಲ್ಲಿ ನೆಗಡಿ ಹೆಚ್ಚು, ಆದರೆ ಶಾಲೆಯ ಆರಂಭದ ವರ್ಷಗಳಲ್ಲಿ ಮನೆಯಲ್ಲೇ ಬೆಳೆದವರಿಗಿಂತ ಕಡಿಮೆ. ಹದಿಮೂರರ ಹೊತ್ತಿಗೆ ವ್ಯತ್ಯಾಸವೇ ಇಲ್ಲ.

ಪಿಟ್ಸ್‌ಬರ್ಗಿನ ಪ್ರಯೋಗಗಳು

ಇನ್ನು ಎರಡನೆಯ ಪ್ರಶ್ನೆ. ಒಂದೇ ಪ್ರಮಾಣದ ವೈರಸ್ಸನ್ನು ಹತ್ತು ಜನರ ಮೂಗಿಗೆ ಹಾಕಿದರೆ ಹತ್ತು ಜನರಿಗೂ ನೆಗಡಿಯಾಗುವುದಿಲ್ಲ. ಯಾರಿಗೆ ಆಗುವುದಿಲ್ಲ, ಏಕೆ?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಈ ಪ್ರಶ್ನೆಯ ಬೆನ್ನು ಹತ್ತಿ ಮೊದಲು ಸಾಲ್ಸ್‌ಬರಿಗೇ ಹೋದರು. ಟೈರೆಲ್ ಜೊತೆಗೂಡಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 394 ಸ್ವಯಂಸೇವಕರಿದ್ದರು. ಮಾನಸಿಕ ಒತ್ತಡ ಹೆಚ್ಚಿದಂತೆ ಸೋಂಕೂ ಹೆಚ್ಚುವುದು ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ಮುಂದೆ ಪಿಟ್ಸ್‌ಬರ್ಗಿನಲ್ಲಿ ಇದನ್ನು ಬಿಡಿಸಿ ನೋಡಿದಾಗ, ಅಪಾಯಕಾರಿ ಒತ್ತಡವೆಂದರೆ ಒಂದು ದಿನದ ಜಗಳವೋ ಪರೀಕ್ಷೆಯ ಹಿಂದಿನ ರಾತ್ರಿಯೋ ಅಲ್ಲ, ತಿಂಗಳಿಗೂ ಮೀರಿ ಎಳೆಯುವಂಥದ್ದು ಎಂದು ತಿಳಿಯಿತು: ಕೆಲಸವಿಲ್ಲದಿರುವುದು, ಸಂಬಂಧಿಕರೊಡನೆ ಮುಗಿಯದ ವೈಮನಸ್ಯ. ವೀಸಾದ ಗಡುವು ಎದುರಿಗಿಟ್ಟುಕೊಂಡು ಕೆಲಸ ಹುಡುಕುವವರನ್ನು ಅವರು ಪ್ರತ್ಯೇಕವಾಗಿ ಅಧ್ಯಯನ ಮಾಡಲಿಲ್ಲ. ಮಾಡಿದ್ದರೆ ಉತ್ತರ ಏನಿರುತ್ತಿತ್ತೆಂದು ನಾವು ಊಹಿಸಬಹುದು.

1997ರ ಅಧ್ಯಯನ ಇವೆಲ್ಲಕ್ಕಿಂತ ಹೆಸರಾಯಿತು. 18ರಿಂದ 55 ವರ್ಷದ 276 ಆರೋಗ್ಯವಂತರನ್ನು ಮೊದಲು ಅವರ ಸಂಬಂಧಗಳ ಬಗ್ಗೆ ವಿಚಾರಿಸಿದರು. ಎಷ್ಟು ಜನ ಗೊತ್ತು ಎಂದಲ್ಲ, ಎಷ್ಟು ಬಗೆಯ ಸಂಬಂಧಗಳಿವೆ ಎಂದು. ಪಟ್ಟಿಯಲ್ಲಿ ಹನ್ನೆರಡು ಬಗೆ: ಗಂಡ ಅಥವಾ ಹೆಂಡತಿ, ತಂದೆತಾಯಿ, ಅತ್ತೆಮಾವ, ಮಕ್ಕಳು, ಇತರ ಹತ್ತಿರದ ನೆಂಟರು, ನೆರೆಹೊರೆ, ಸ್ನೇಹಿತರು, ಸಹೋದ್ಯೋಗಿಗಳು, ಸಹಪಾಠಿಗಳು, ಸೇವಾಕಾರ್ಯದ ಜೊತೆಗಾರರು, ಸಂಘಸಂಸ್ಥೆಯವರು, ಧಾರ್ಮಿಕ ಗುಂಪಿನವರು. ಎರಡು ವಾರಕ್ಕೊಮ್ಮೆಯಾದರೂ ಮಾತನಾಡಿದ್ದರೆ ಆ ಸಂಬಂಧ ಲೆಕ್ಕಕ್ಕೆ ಬರುತ್ತಿತ್ತು. ಮಾತು ಎದುರಿನದೇ ಆಗಬೇಕಿರಲಿಲ್ಲ, ಫೋನಿನದೂ ಸಾಕು. ನಂತರ ಮೂಗಿಗೆ ರೈನೋವೈರಸ್ ಹನಿ, ಹೋಟೆಲೊಂದರಲ್ಲಿ ಪ್ರತ್ಯೇಕವಾಸ. ಕಾಯಿಲೆಯ ತೀವ್ರತೆಯನ್ನು ಅವರ ಮಾತಿಗೇ ಬಿಡದೆ, ಬಳಸಿ ಎಸೆದ ಕಾಗದದ ಕರವಸ್ತ್ರಗಳನ್ನು ತೂಗಿ ಎಷ್ಟು ಸಿಂಬಳ ಬಂತೆಂದು ಲೆಕ್ಕ ಹಾಕಿದರು. ವಿಜ್ಞಾನದಲ್ಲಿ ಇಂಥ ಕೆಲಸವನ್ನೂ ಯಾರಾದರೂ ಮಾಡಲೇಬೇಕು.

ಆರು ಅಥವಾ ಹೆಚ್ಚು ಬಗೆಯ ಸಂಬಂಧಗಳಿದ್ದವರಿಗೆ ಹೋಲಿಸಿದರೆ, ಒಂದರಿಂದ ಮೂರು ಬಗೆ ಮಾತ್ರ ಇದ್ದವರಲ್ಲಿ ನೆಗಡಿಯ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಹೆಚ್ಚು ಜನರೊಡನೆ ಬೆರೆಯುವವರಿಗೆ ಮೊದಲೇ ಸೋಂಕಾಗಿ ಪ್ರತಿಕಾಯಗಳು ಬೆಳೆದಿರಬೇಕು ಎಂಬ ಸಂಶಯ ಯಾರಿಗಾದರೂ ಬರುವಂಥದ್ದು. ಆ ವೈರಸ್ಸಿನ ವಿರುದ್ಧದ ಪ್ರತಿಕಾಯಗಳನ್ನು ಮೊದಲೇ ಅಳೆದು ಲೆಕ್ಕದಲ್ಲಿ ಸೇರಿಸಿದ್ದರು; ವ್ಯತ್ಯಾಸ ಉಳಿಯಿತು. ಧೂಮಪಾನ, ಸರಿಯಾದ ನಿದ್ರೆಯಿಲ್ಲದಿರುವುದು, ಆಹಾರದಲ್ಲಿ ವಿಟಮಿನ್ ಸಿ ಕೊರತೆ, ಒತ್ತಡದ ಹಾರ್ಮೋನುಗಳು, ಅಂತರ್ಮುಖಿ ಸ್ವಭಾವ, ಇವೆಲ್ಲವೂ ನೆಗಡಿಯನ್ನು ಹೆಚ್ಚಿಸುವ ಅಂಶಗಳಾಗಿಯೇ ಕಂಡವು. ಆದರೆ ಸಂಬಂಧಗಳ ವೈವಿಧ್ಯದ ಪರಿಣಾಮವನ್ನು ಅವು ಸ್ವಲ್ಪ ಮಟ್ಟಿಗೆ ಮಾತ್ರ ವಿವರಿಸಿದವು.

ಈ ಫಲಿತಾಂಶವನ್ನು ಎಳೆದು ಹಿಗ್ಗಿಸಬಾರದು. ಇಲ್ಲಿ ಎಲ್ಲರಿಗೂ ವೈರಸ್ಸನ್ನು ಸಂಶೋಧಕರೇ ಕೊಟ್ಟಿದ್ದಾರೆ. ಹಾಗಾಗಿ ಸಂಬಂಧ ಹೆಚ್ಚಿರುವವರು ಹೊರಗೆ ಹೆಚ್ಚು ವೈರಸ್ಸನ್ನು ಎದುರಿಸುತ್ತಾರೆಂಬ ಮಾತು ಸುಳ್ಳಾಗುವುದಿಲ್ಲ. ಸಂಬಂಧಗಳನ್ನು ಯಾರಿಗೂ ಪ್ರಯೋಗಕ್ಕಾಗಿ ಹಂಚಿಲ್ಲ. ಆರೋಗ್ಯವಂತರೇ ಹೆಚ್ಚು ಸಂಬಂಧ ಉಳಿಸಿಕೊಳ್ಳುತ್ತಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಭಾಗವಹಿಸಿದವರಲ್ಲಿ ವೃದ್ಧರಿರಲಿಲ್ಲ. ಒಂಟಿತನದ ಭಾವನೆಯನ್ನು ಪ್ರತ್ಯೇಕವಾಗಿ ನೋಡಿದ 2017ರ ಇನ್ನೊಂದು ವಿಶ್ಲೇಷಣೆ, ಒಂಟಿತನ ಸೋಂಕನ್ನು ಹೆಚ್ಚಿಸಲಿಲ್ಲ, ಆದರೆ ಸೋಂಕಾದವರು ಅನುಭವಿಸಿದ ಬಾಧೆಯನ್ನು ಹೆಚ್ಚಿಸಿತು ಎಂದಿತು. ಇಷ್ಟೆಲ್ಲ ಕಳೆದರೂ, ಜನರನ್ನು ದೂರವಿಡುವುದೇ ರಕ್ಷಣೆ ಎಂಬ ವಾದಕ್ಕೆ ಈ ಸಾಲಿನ ಸಂಶೋಧನೆಯಲ್ಲಿ ಬೆಂಬಲ ಸಿಗುವುದಿಲ್ಲ.

ನಿದ್ರೆಯ ಬಗ್ಗೆ ಸಾಕ್ಷ್ಯ ಇನ್ನೂ ಗಟ್ಟಿ. 2009ರಲ್ಲಿ ಇದೇ ಗುಂಪು 153 ಜನರಲ್ಲಿ ಕಂಡಂತೆ, ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ ಎಂಟು ಗಂಟೆ ಮಲಗುವವರಿಗಿಂತ ನೆಗಡಿಯ ಸಂಭವ ಸುಮಾರು ಮೂರು ಪಟ್ಟು. ನಿದ್ರೆಯನ್ನು ಜನರ ಬಾಯಿಮಾತಿನಿಂದ ಕೇಳುವ ಬದಲು ಮಣಿಕಟ್ಟಿಗೆ ಕಟ್ಟಿದ ಸಾಧನದಿಂದ ಅಳೆದ 2015ರ ಅಧ್ಯಯನದಲ್ಲಿ, ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ಏಳು ಗಂಟೆ ಮೀರಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಬೆಂಗಳೂರಿನ ಕಚೇರಿಯೊಡನೆ ರಾತ್ರಿ ಹನ್ನೊಂದಕ್ಕೆ ಮೀಟಿಂಗ್ ಇಟ್ಟುಕೊಂಡು ಬೆಳಗ್ಗೆ ಆರಕ್ಕೆ ಮಗುವಿನ ಡಬ್ಬಿ ಕಟ್ಟುವವರು ಈ ಸಾಲನ್ನು ಎರಡು ಸಲ ಓದಲಿ.

ಊರಿನಿಂದ ಬರುವ ಹಿರಿಯರು

ಸೋಂಕು ತಗಲುವುದು ಬೇರೆ, ತಗಲಿದ್ದು ವಿಷಮಿಸುವುದು ಬೇರೆ. ಎರಡನೆಯದರಲ್ಲಿ ವಯಸ್ಸು ಎಲ್ಲಕ್ಕಿಂತ ಮುಂದಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಆಸ್ತಮಾ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಗರ್ಭಾವಸ್ಥೆ ಅದರ ಹಿಂದೆ ಬರುತ್ತವೆ. ವಿದೇಶದಲ್ಲಿರುವ ಮಕ್ಕಳ ಮನೆಗೆ ಬರುವ ಹಿರಿಯರಲ್ಲಿ ಇವುಗಳಲ್ಲಿ ಎರಡಾದರೂ ಸಾಮಾನ್ಯ. ಅವರು ಬಂದಿಳಿಯುವುದು ಮೊಮ್ಮಗು ಡೇಕೇರಿಗೆ ಹೋಗುವ ಮನೆಗೆ. ವೈರಸ್ ಹೊರಗಿನಿಂದ ಬರುವ ದಾರಿ ಬಹುಮಟ್ಟಿಗೆ ಅದೇ. ಹೀಗಿರುವಾಗ ಅಜ್ಜಿಯನ್ನು ದೇವಸ್ಥಾನಕ್ಕೆ, ಪಕ್ಕದ ಬೀದಿಯ ಕನ್ನಡದವರ ಮನೆಗೆ ಕಳಿಸದೆ ಆರು ತಿಂಗಳು ಒಳಗೇ ಇರಿಸುವುದರಿಂದ ಸಿಗುವ ರಕ್ಷಣೆ ಅಲ್ಪ. ಅವರು ಕಳೆದುಕೊಳ್ಳುವ ಸಂಬಂಧಗಳು ಬಹಳ. ಊರಿನಲ್ಲಿ ಹಾಲಿನವನಿಂದ ಹಿಡಿದು ಭಜನಾ ಮಂಡಳಿಯವರೆಗೆ ಎಂಟು ಹತ್ತು ಬಗೆಯ ಜನರೊಡನೆ ದಿನವೂ ಮಾತಾಡುತ್ತಿದ್ದವರು ಇಲ್ಲಿ ಎರಡು ಮೂರಕ್ಕೆ ಇಳಿಯುತ್ತಾರೆ. ಮಗುವಿಗೆ ಮೂಗು ಸೋರುವ ದಿನಗಳಲ್ಲಿ ಅಜ್ಜ-ಅಜ್ಜಿಯರ ಕೋಣೆ ಬೇರೆ ಮಾಡುವುದು, ಮನೆಯಲ್ಲಿ ಗಾಳಿ ಸೋಸುವ ಯಂತ್ರ ಓಡಿಸುವುದು, ಮಗುವನ್ನು ಎತ್ತಿಕೊಳ್ಳುವಾಗ ಮಾಸ್ಕ್ ಹಾಕಿಕೊಳ್ಳುವುದು, ಕೆಮ್ಮುವ ಅತಿಥಿಗಳಿಗೆ 'ಮುಂದಿನ ವಾರ ಬನ್ನಿ' ಎನ್ನುವುದು, ಇವು ಬಾಗಿಲು ಮುಚ್ಚುವುದಕ್ಕಿಂತ ಹೆಚ್ಚು ಫಲಕಾರಿ.

ಲಸಿಕೆಯ ವೇಳಾಪಟ್ಟಿಯಲ್ಲಿ ಒಂದು ತೊಡಕಿದೆ, ಅದನ್ನು ವಿಮಾನದ ಟಿಕೆಟ್ ಕೊಳ್ಳುವಾಗಲೇ ಯೋಚಿಸಬೇಕು. ಭಾರತದ ಬಹುಭಾಗದಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ. ಶ್ರೀನಗರದಂಥ ಉತ್ತರದ ತುದಿಯಲ್ಲಿ ಮಾತ್ರ ಚಳಿಗಾಲದಲ್ಲಿ. ಅಮೆರಿಕ, ಕೆನಡಾ, ಯುರೋಪುಗಳಲ್ಲಿ ಅದರ ಋತು ಡಿಸೆಂಬರಿನ ಸುತ್ತಮುತ್ತ ಏರಿ ಫೆಬ್ರವರಿ ದಾಟುತ್ತದೆ. ಆಸ್ಟ್ರೇಲಿಯಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್. ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳಿಗೆ ಬೇರೆ ಬೇರೆಯಾಗಿ ಸೂಚಿಸುತ್ತದೆ. ಮೈಸೂರಿನಲ್ಲಿ ಮೇ ತಿಂಗಳಲ್ಲಿ ಲಸಿಕೆ ಹಾಕಿಸಿಕೊಂಡವರು ನವೆಂಬರಿನಲ್ಲಿ ಟೊರಾಂಟೊಗೆ ಬಂದರೆ ಅದರ ಕಾವು ಅಷ್ಟರಲ್ಲಿ ಕುಗ್ಗಿರುತ್ತದೆ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಆ ವರ್ಷದ ಲಸಿಕೆ ಊರಿನಲ್ಲೇ ಸಿಗುವುದಾದರೆ ಹೊರಡುವ ಎರಡು ಮೂರು ವಾರ ಮುಂಚೆ, ಇಲ್ಲವಾದರೆ ಬಂದಿಳಿದ ವಾರದಲ್ಲೇ ಬಡಾವಣೆಯ ಔಷಧಿ ಅಂಗಡಿಯಲ್ಲಿ ಹಾಕಿಸುವುದು ಸೂಕ್ತ. ಆರ್‌ಎಸ್‌ವಿ ವಿರುದ್ಧ ಹಿರಿಯರಿಗಾಗಿ 2023ರಿಂದ ಲಸಿಕೆ ಬಂದಿದೆ. ಸಂದರ್ಶಕರಾಗಿ ಬಂದವರಿಗೆ ಅದರ ಖರ್ಚನ್ನು ಪ್ರಯಾಣವಿಮೆ ಸಾಮಾನ್ಯವಾಗಿ ಕೊಡುವುದಿಲ್ಲವಾದ್ದರಿಂದ, ಬೆಲೆಯನ್ನು ಮೊದಲೇ ವಿಚಾರಿಸಿಕೊಂಡಿರಬೇಕು.